ಸೊನ್ನೆಯನ್ನು ಹೊತ್ತು ತೊರ್ನಿಯೊಗೆ

ವಿದ್ಯಾನಗರ

ನಾನು ಕಂಡ ಪರದೇಶ ಒಂದೇ. ಅದೂ ಹನ್ನೆರಡು ದಿನಗಳ ಮಟ್ಟಿಗೆ. ಫಿನ್ಲೆಂಡಿಗೆ ಹೋಗಿ ಬಂದವಳೆಂದು ತಿಳಿದರೆ ಜನ ಮೊದಲು ಕೇಳುವುದು ಹಿಮ ಹೇಗಿತ್ತೆಂದು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಂಡದ್ದನ್ನು ಕೆರೆದು ನೆಲಕ್ಕೆ ಸುರಿದ ಹಾಗಿತ್ತು. ಅದಕ್ಕಿಂತ ಚೆನ್ನಾಗಿ ವರ್ಣಿಸಲು ನನ್ನಿಂದಾಗದು. ನಾನು ಹೇಳಹೊರಟಿರುವುದು ಹಿಮದ ಕಥೆಯಲ್ಲ, ಇಲ್ಲಿಂದ ಹೊತ್ತುಕೊಂಡು ಹೋದ ಒಂದು ಸೊನ್ನೆಯ ಕಥೆ.

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿ ಆಗ ಒಂಬತ್ತು ವರ್ಷ. ವಿದ್ಯಾನಗರದ ಒಂದು ಆರೋಗ್ಯ ಕಚೇರಿಯಲ್ಲಿ ನನಗೆ ಕೆಲಸ. ನರ್ಸಾಗಿ ಸೇರಿದವಳು ಮಂಡಿನೋವಿನಿಂದ ಊರೂರು ತಿರುಗಲಾರದೆ ರಿಜಿಸ್ಟರುಗಳ ಮೇಜಿಗೆ ಬಂದು ಕೂತೆ. ಯಾರು ಯಾವ ಕಾಯಿಲೆಯಿಂದ ಸತ್ತರು ಎಂದು ಪಂಚಾಯತುಗಳಿಂದ ಬರುವ ಚೀಟಿಗಳನ್ನು ಬೇರ್ಪಡಿಸಿ ಬರೆಯುವುದು ನನ್ನ ಪಾಲಿನ ಕೆಲಸ. ಹೆಸರು ಸಿಸಿಲಿಯಾ, ಕಚೇರಿಗೂ ಊರಿಗೂ ಸಿಸಿಲಿ ಬಾಯಿ.

ಆ ವರ್ಷ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು. ಶ್ವಾಸಕೋಶದ ಕ್ಯಾನ್ಸರ್ ತಡೆಯಲು ಪ್ರದೇಶವಾರು ಯೋಜನೆ ತಯಾರಾಗುತ್ತಿದೆ. ಆಯ್ದ ಕೆಲವು ಜಿಲ್ಲೆಗಳಿಗೆ ಎದೆ ತಪಾಸಣೆಯ ಕೇಂದ್ರ, ಎಕ್ಸ್‌ರೇ ಯಂತ್ರ, ಮನೆ ಮನೆಗೆ ಹೋಗಿ ತಿಳಿಹೇಳುವ ಕಾರ್ಯಕರ್ತೆಯರು ಸಿಗಲಿದ್ದಾರೆ. ನಿಮ್ಮ ಜಿಲ್ಲೆಯ ಸಂಖ್ಯೆ ಕಳಿಸಿ, ಆಯ್ಕೆಯ ಸಭೆ ಡಿಸೆಂಬರಿನಲ್ಲಿ ಎಂದಿತ್ತು. ನಾನು ರಿಜಿಸ್ಟರು ಮಗುಚಿದೆ. ದಮ್ಮು ಇತ್ತು, ಎದೆನೋವು ಇತ್ತು, ಮುಪ್ಪು ಬೇಕಾದಷ್ಟಿತ್ತು. ಶ್ವಾಸಕೋಶದ ಕ್ಯಾನ್ಸರಿನ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ನಮ್ಮ ಮೇಲಧಿಕಾರಿ ತೆಂಕಣ ಜಿಲ್ಲೆಯಿಂದ ಬಂದ ಡಾಕ್ಟರು. ಆ ಹಾಳೆಯನ್ನು ತುಂಬ ಹೊತ್ತು ನೋಡಿದರು.

"ಸಿಸಿಲಿ, ಬೀಡಿ ವಾಸನೆ ಇಲ್ಲದ ಬಸ್ಸು ಈ ಜಿಲ್ಲೆಯಲ್ಲಿ ನಾನು ಹತ್ತಿದ್ದಿಲ್ಲ. ಆದರೂ ಸೊನ್ನೆ. ಸೊನ್ನೆಗೆ ಯಾರು ಯಂತ್ರ ಕೊಡುತ್ತಾರೆ?" ಎಂದು ಮಲಯಾಳದಲ್ಲಿ ಕೇಳಿದರು.

"ಗೊತ್ತಿಲ್ಲ ಸಾರ್, ಬಂದ ಚೀಟಿಯನ್ನು ನಾನು ಬರೆಯುವುದು ಅಷ್ಟೇ," ಎಂದೆ.

ಅದು ಅರ್ಧ ಸುಳ್ಳು. ಒಬ್ಬರ ಹೆಸರಾದರೂ ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನನ್ನ ಪಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಆ ರೋಗದಿಂದಲೇ. ನಮ್ಮೂರು ಬೇಳದ ನೆರೆಕರೆಯವರಿಗೆಲ್ಲ ದಮ್ಮು ಎಂದು ಹೇಳಿದವಳು ನಾನು. ತಂಗಿ ಐರಿನ್‌ಗೆ ಆಗ ಸಂಬಂಧ ಮಾತಾಗುತ್ತಿತ್ತು. ಕ್ಯಾನ್ಸರ್ ಇದ್ದ ಮನೆ ಎಂದರೆ ಗಂಡಿನ ಕಡೆಯವರು ಚಾ ಕುಡಿದ ಲೋಟ ಕೆಳಗಿಡುವ ಮೊದಲೇ ಎದ್ದು ಹೋಗುವ ಕಾಲ ಅದು. ಐರಿನ್‌ಗೂ ನಾನು ಹೇಳಲಿಲ್ಲ. ಊರಿಗೆಲ್ಲ ಆರೋಗ್ಯದ ಉಪದೇಶ ಮಾಡುವ ನರ್ಸಿನ ಮನೆಯ ಸಂಗತಿ ಹೀಗಿತ್ತು.

ಅದೇ ತಿಂಗಳು ಮೇಲಧಿಕಾರಿಗೆ ಇನ್ನೊಂದು ಪತ್ರ ಬಂತು. ಗಡಿನಾಡುಗಳಲ್ಲಿ ಇದೇ ರೋಗದ ವಿರುದ್ಧ ಯೋಜನೆ ಮಾಡುವುದು ಹೇಗೆ ಎಂದು ಫಿನ್ಲೆಂಡಿನ ತೊರ್ನಿಯೊ ಎಂಬ ಊರಲ್ಲಿ ಒಂದು ತರಬೇತಿ. ಡಾಕ್ಟರುಗಳು ಬೇಡ, ರಿಜಿಸ್ಟರನ್ನು ಕೈಯಾರೆ ಬರೆಯುವವರು ಬರಲಿ. ಜಿಲ್ಲೆಯ ಭೂಪಟವೂ ನಿಮ್ಮೂರ ಜನ ಸೇದುವುದರ ಒಂದು ಮಾದರಿಯೂ ಜತೆಗಿರಲಿ ಎಂದು ಬರೆದಿದ್ದರು.

"ನೀವು ಹೋಗಿ," ಎಂದರು ಸಾರ್. "ಸೊನ್ನೆಯನ್ನು ಎಂತ ಮಾಡುವುದು ಎಂದು ಕೇಳಿಕೊಂಡು ಬನ್ನಿ."

ಹೆಲ್ಸಿಂಕಿ

ಮಾದರಿಗೆಂದು ಬೇಳದ ಗೂಡಂಗಡಿಯಲ್ಲಿ ಒಂದು ಕಟ್ಟು ಬೀಡಿ ಕೇಳಿದಾಗ ಅಂಗಡಿಯ ಮಮ್ಮದೆ ತಕ್ಕಡಿ ಹಿಡಿದವನು ಹಾಗೇ ನಿಂತ. "ಎಂತ ಬಾಯಿ, ನಿಮಗೂ ಶುರುವಾಯಿತಾ?" ಎಂದ. ಸರಕಾರಿ ಕೆಲಸಕ್ಕೆ ಎಂದೆ. "ಸರಕಾರ ಬೀಡಿ ಎಳೀಲಿಕ್ಕೆ ಶುರು ಮಾಡಿದ್ರೆ ನನಗೆ ವ್ಯಾಪಾರ ಉಂಟು," ಎಂದು ಕಟ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಆ ಕಟ್ಟು ಹೆಲ್ಸಿಂಕಿಯ ವಿಮಾನ ನಿಲ್ದಾಣದಲ್ಲಿ ನನ್ನ ಮಾನ ತೆಗೆಯಿತು. ಸುಂಕದ ಕಟ್ಟೆಯ ಹುಡುಗಿ ನನ್ನ ಚೀಲ ಬಿಚ್ಚಿದಳು. ಮಿಡಿ ಉಪ್ಪಿನಕಾಯಿಯ ಭರಣಿ ತೆಗೆದಳು, ಮೂಸಿದಳು, ಬೇಗನೆ ಮುಚ್ಚಿದಳು. ಆಮೇಲೆ ಬೀಡಿ ಸಿಕ್ಕಿತು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಲೆ ಎಂದೆ. ಏನಕ್ಕೆ ಎಂದಳು. ಗಾಬರಿಯಲ್ಲಿ ನನಗೆ ಹೊಳೆದ ಉತ್ತರ ಒಂದೇ: "ಲಂಗ್ ಕ್ಯಾನ್ಸರಿಗೆ."

ಅವಳು ಹೋಗಿ ಇನ್ನೊಬ್ಬನನ್ನು ಕರೆತಂದಳು. ಅವನು ಒಂದು ಬೀಡಿಯನ್ನು ಬಿಳಿ ಕಾಗದದ ಮೇಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ಆಪರೇಷನ್ ಥಿಯೇಟರಿನಲ್ಲಿ ಕೂಡ ಅಷ್ಟು ಅಚ್ಚುಕಟ್ಟಾದ ಕೈ ನಾನು ನೋಡಿಲ್ಲ. ಒಳಗಿನ ಹೊಗೆಸೊಪ್ಪನ್ನು ಮೂಸಿ, ನನ್ನ ಪತ್ರ ಓದಿ, ಒಂದು ಕಡಿಮೆಯಾದ ಕಟ್ಟನ್ನು ಮರಳಿಸಿದ. ನಗಲಿಲ್ಲ. ಆ ದೇಶದಲ್ಲಿ ಅಪರಿಚಿತರನ್ನು ನೋಡಿ ನಗುವುದು ಮರ್ಯಾದೆಯಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಮ್ಮಲ್ಲಾದರೆ ಅಷ್ಟರಲ್ಲಿ ಇಡೀ ಸಾಲು ಸುತ್ತ ಸೇರಿ ನನ್ನ ಮನೆತನದ ವಿವರವನ್ನೆಲ್ಲ ಕೇಳಿಯಾಗುತ್ತಿತ್ತು.

ಅಲ್ಲಿಂದ ಉತ್ತರಕ್ಕೆ ಹಗಲಿಡೀ ರೈಲು. ಎದುರಿನ ಸೀಟಿನಲ್ಲಿ ಒಬ್ಬ ಮುದುಕರು ಎಂಟು ಗಂಟೆ ಕೂತಿದ್ದರು. ಹತ್ತುವಾಗ ತಲೆಯಾಡಿಸಿದರು, ಇಳಿಯುವಾಗ ತಲೆಯಾಡಿಸಿದರು. ನಡುವೆ ಮಾತಿಲ್ಲ. ಕಿಟಕಿಯಾಚೆ ಮರ, ನೀರು, ಮತ್ತೆ ಮರ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಒಂದು ಗಂಟೆಯಲ್ಲಿ ನಾನು ಎರಡು ಮದುವೆ, ಒಂದು ಜಗಳ ಕೇಳಿಸಿಕೊಳ್ಳುವವಳು. ಇಲ್ಲಿ ನನ್ನ ಕಿವಿಗೆ ಮಾಡಲು ಕೆಲಸವೇ ಇರಲಿಲ್ಲ.

ತೊರ್ನಿಯೊ

ತೊರ್ನಿಯೊದಲ್ಲಿ ನನ್ನನ್ನು ಮನೆಯಲ್ಲಿರಿಸಿಕೊಂಡವಳು ಐನೊ. ಅರುವತ್ತು ದಾಟಿದ ಎತ್ತರದ ಹೆಂಗಸು. ನನ್ನ ಹಾಗೆ ಹಳ್ಳಿ ತಿರುಗಿದ ನರ್ಸು, ನನ್ನ ಹಾಗೆಯೇ ಮಂಡಿನೋವು. ಮಂಡಿಯ ವಿಷಯದಲ್ಲಿ ನಮಗೆ ಕೂಡಲೇ ಸ್ನೇಹವಾಯಿತು.

ಮೊದಲ ದಿನವೇ ಒಂದು ಎಡವಟ್ಟಾಯಿತು. ಕಾಫಿ ಕುಡಿಯುತ್ತಾ ನಾನು ಏನೋ ಹೇಳಿದೆ. ಐನೊ ಒಮ್ಮೆಲೇ ಬಾಯಿ ಸ್ವಲ್ಪ ತೆರೆದು ಉಸಿರನ್ನು ಒಳಕ್ಕೆ ಎಳೆದಳು. ಸಿಕ್ಕಿಹಾಕಿಕೊಂಡ ಉಸಿರಿನ ಹಾಗೆ. ಎರಡು ನಿಮಿಷ ಬಿಟ್ಟು ಮತ್ತೆ ಹಾಗೆಯೇ. ಮೂರನೆಯ ಸಲ ನಾನು ಕಪ್ಪು ಕೆಳಗಿಟ್ಟು ಅವಳ ಮಣಿಕಟ್ಟು ಹಿಡಿದು ನಾಡಿ ನೋಡಲು ತೊಡಗಿದೆ. ದಮ್ಮಿನವರನ್ನು ಅಷ್ಟು ನೋಡಿದ್ದೇನೆ, ನನ್ನ ಕೈ ತಾನಾಗಿ ಹೋಯಿತು.

ಐನೊ ಸ್ವಲ್ಪ ಹೊತ್ತು ಕೈ ಕೊಟ್ಟು ಕೂತಳು. ಆಮೇಲೆ ನಕ್ಕಳು. ಅವರ ಕಡೆ ಹೌದು ಎನ್ನುವುದಕ್ಕೆ ಹೀಗೆ ಉಸಿರು ಒಳಗೆಳೆಯುವ ರೂಢಿಯಂತೆ. "ನಿನ್ನ ಮಾತಿಗೆ ಹೌದು ಎಂದೆ, ಅಷ್ಟೆ. ನಾಡಿ ಹೇಗಿದೆ?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ನಾವು ಹೌದೆನ್ನಲು ತಲೆಯನ್ನು ಅಡ್ಡಡ್ಡ ತೂಗುವುದನ್ನು ನೋಡಿ ಅವಳು ಬೆಳಗ್ಗಿನಿಂದ ನನಗೆ ಎರಡನೆಯ ಕಪ್ಪು ಕಾಫಿ ಬೇಡವೆಂದು ತಿಳಿದಿದ್ದಳಂತೆ. ಹೀಗೆ ಲೆಕ್ಕ ಸಮವಾಯಿತು.

ತರಬೇತಿಯ ಕೋಣೆಯಲ್ಲಿ ಹತ್ತಾರು ದೇಶದವರಿದ್ದೆವು. ಪಾಠ ಹೇಳುವ ಡಾಕ್ಟರು ಬೀಡಿ ಕಟ್ಟನ್ನು ಕೈಯಿಂದ ಕೈಗೆ ದಾಟಿಸಿದರು; ಎಲ್ಲರೂ ಅದರ ಕೆಂಪು ನೂಲನ್ನು ನೋಡಿ ಮೆಚ್ಚಿದರು. ಬಿಡುವಿನಲ್ಲಿ ಅದೇ ಡಾಕ್ಟರು ಹೊರಗೆ ಹಿಮದಲ್ಲಿ ಕೋಟಿಲ್ಲದೆ ನಿಂತು ಸಿಗರೇಟು ಸೇದುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿರುವುದು ಗೊತ್ತಾಗಿ ನಾಚಿ, ಬೆನ್ನು ತಿರುಗಿಸಿದರು. ಇಲ್ಲಿ ಸೇದುವವನು ಮನೆಯಿಂದ ಹೊರಗೆ ಹೋಗಿ ಚಳಿಯಲ್ಲಿ ನಡುಗಬೇಕು.

ನಮ್ಮಲ್ಲಿ? ನಮ್ಮ ಕ್ರಿಸ್ತುವರ ಮದುವೆಯಲ್ಲಿ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರ ಉಂಟು. ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದು. ಆಗ ವೀಳ್ಯದ ತಟ್ಟೆಯ ಜತೆ ಗಂಡಸರಿಗೆ ಬೀಡಿ ಸಿಗರೇಟುಗಳ ತಟ್ಟೆಯೂ ಬರಬೇಕು. ಬಾರದಿದ್ದರೆ ಆ ಮನೆಯವರಿಗೆ ಕೈ ಬಿಗಿ ಎಂದು ಹೆಸರು. ಐರಿನ್‌ನ ಮದುವೆ ನಡೆದದ್ದು ಪಪ್ಪನ ವರ್ಷದ ಪೂಜೆ ಮುಗಿದ ಮೇಲೆ. ಅಂದು ಆ ತಟ್ಟೆ ಹಿಡಿದು ಚಪ್ಪರದಲ್ಲಿ ತಿರುಗಿದವಳು ನಾನೇ. ಮರುದಿನ ಇಗರ್ಜಿಯಿಂದ ಬಂದ ಮದುಮಗ ವಿನ್ಸೆಂಟನೂ ನನ್ನ ತಟ್ಟೆಯಿಂದಲೇ ಒಂದು ತೆಗೆದುಕೊಂಡ. ಕಿಟಕಿಯ ಬಳಿ ನಿಂತು ಅದು ನೆನಪಾದಾಗ ನನಗೆ ಆ ಡಾಕ್ಟರನ್ನು ನೋಡಿ ನಗಲು ಬಾಯಿ ಬರಲಿಲ್ಲ.

ಸೇತುವೆ

ತೊರ್ನಿಯೊದಲ್ಲಿ ಒಂದು ಸೇತುವೆ ದಾಟಿದರೆ ಸ್ವೀಡನ್. ಆಚೆಯ ಊರು ಹಪರಾಂಡ. ಎರಡೂ ಒಂದೇ ಊರಿನಂತೆ ಅಂಟಿಕೊಂಡಿವೆ, ಆದರೆ ಗಡಿಯಾರಗಳ ನಡುವೆ ಒಂದು ಗಂಟೆಯ ವ್ಯತ್ಯಾಸ. ಐನೊ ನನಗೆ "ನಾಳೆ ಎರಡು ಗಂಟೆಗೆ ಆಚೆ ಬ್ರಿಟ್ಟಳ ಆಫೀಸಿಗೆ ಬಾ" ಎಂದಿದ್ದಳು. ನಾನು ಊಟ ಮುಗಿಸಿ ಸರಿಯಾಗಿ ಎರಡಕ್ಕೆ ಹೋದೆ. ಬಾಗಿಲು ಹಾಕಿತ್ತು. ಆಚೆಯ ಗೋಡೆ ಗಡಿಯಾರದಲ್ಲಿ ಇನ್ನೂ ಒಂದು ಗಂಟೆ. ಸ್ವೀಡನ್ನಿನ ಎರಡು ಗಂಟೆ ಬರುವ ತನಕ ನಾನು ಸೇತುವೆಯ ಮೇಲೆ ಅತ್ತಿತ್ತ ನಡೆದೆ. ತಲಪಾಡಿಯಲ್ಲಿ ಗಡಿ ದಾಟುವಾಗ ನಮ್ಮ ಬಸ್ಸಿನ ಬೋರ್ಡುಗಳ ಭಾಷೆ ಬದಲಾಗುತ್ತದೆಯೇ ಹೊರತು ಗಡಿಯಾರಕ್ಕೆ ಏನೂ ಆಗುವುದಿಲ್ಲ; ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಐನೊ, ಬ್ರಿಟ್ಟ ಇಬ್ಬರೂ ಒಟ್ಟಿಗೆ ಬಂದರು. ಬ್ರಿಟ್ಟ ಆಚೆಯ ಆಸ್ಪತ್ರೆಯ ದಾಖಲೆ ಗುಮಾಸ್ತೆ, ಐನೊಳ ಹಳೆಯ ಗೆಳತಿ. ಇಬ್ಬರೂ ಚೀಲದಿಂದ ಒಂದೊಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕಾಫಿ. ಆಮೇಲೆ ಒಬ್ಬಳು ಒಂದು ಹೆಸರು ಓದುವುದು, ಇನ್ನೊಬ್ಬಳು ತನ್ನ ಪಟ್ಟಿಯಲ್ಲಿ ಹುಡುಕುವುದು, ಉಸಿರು ಒಳಗೆಳೆದು ಹೌದೆನ್ನುವುದು, ಟಿಕ್ ಹಾಕುವುದು. ತಿಂಗಳಿಗೊಮ್ಮೆ ಇದು ನಡೆಯುತ್ತದಂತೆ.

ನಾನು ನನ್ನ ಸೊನ್ನೆಯ ವಿಷಯ ಹೇಳಿದೆ.

"ಹೊಳೆ ದಡದ ನಮ್ಮ ಹಳ್ಳಿಗಳಲ್ಲೂ ಒಂದು ಕಾಲಕ್ಕೆ ಸೊನ್ನೆಯೇ ಇತ್ತು," ಎಂದಳು ಐನೊ. "ಬಹಳ ಒಳ್ಳೆಯ ಗಾಳಿ ಎಂದುಕೊಂಡಿದ್ದೆವು. ಆಮೇಲೆ ನೋಡಿದರೆ ನಮ್ಮವರೆಲ್ಲ ಸೇತುವೆ ದಾಟಿ, ಆಚೆ ಇರುವ ಅಕ್ಕ ತಂಗಿಯರ ಮನೆಯಲ್ಲಿ ಉಳಿದು ಅಲ್ಲೇ ಮದ್ದು ಮಾಡಿಸುತ್ತಿದ್ದರು. ಸತ್ತರೆ ಬ್ರಿಟ್ಟಳ ಪುಸ್ತಕದಲ್ಲಿ ಸತ್ತರು. ನಿಮ್ಮ ಜನ ಕಾಯಿಲೆಯಾದರೆ ಎಲ್ಲಿಗೆ ಹೋಗುತ್ತಾರೆ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ನನಗೆ ಅಷ್ಟು ದೂರ ಹೋಗಬೇಕಾಯಿತು. ನಮ್ಮ ಜಿಲ್ಲೆಯ ಬಡಗು ಭಾಗದವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ತಿರುವನಂತಪುರ ನಮಗೆ ಸುತ್ತೋಲೆ ಬರುವ ಊರು ಮಾತ್ರ. ಮಂಗಳೂರಿನಲ್ಲಿ ಎಲ್ಲರಿಗೂ ಒಬ್ಬ ನೆಂಟ ಇದ್ದಾನೆ. ಆಸ್ಪತ್ರೆಯ ಕೌಂಟರಿನಲ್ಲಿ ವಿಳಾಸ ಕೇಳಿದರೆ ನಾವು ಆ ನೆಂಟನ ವಿಳಾಸ ಕೊಡುತ್ತೇವೆ. ಯಾಕೆಂದರೆ ಆಸ್ಪತ್ರೆಯ ಹೆಸರು ಅಚ್ಚಾದ ಲಕೋಟೆ ಊರಿನ ಅಂಚೆಯವನ ಕೈಗೆ ಸಿಗಬಾರದು. ಅವನಿಗೆ ಸಿಕ್ಕಿದರೆ ಬಸ್‌ಸ್ಟ್ಯಾಂಡಿಗೆ ತಿಳಿಯಿತು, ಬಸ್‌ಸ್ಟ್ಯಾಂಡಿಗೆ ತಿಳಿದರೆ ಐರಿನ್‌ನಂಥವರ ಮದುವೆ ನಿಂತಿತು.

ಪಪ್ಪನ ಅರ್ಜಿ ತುಂಬಿದವಳು ನಾನು. ಮಂಗಳೂರಿನ ಕಂಕನಾಡಿಯಲ್ಲಿರುವ ನಮ್ಮ ಮಾವ್ಶಿಯ, ಅಮ್ಮನ ತಂಗಿಯ, ಮನೆಯ ನಂಬರನ್ನು ಚಂದದ ಅಕ್ಷರದಲ್ಲಿ ಬರೆದಿದ್ದೆ. ಆ ಆಸ್ಪತ್ರೆ ಏನೂ ತಪ್ಪು ಮಾಡಲಿಲ್ಲ. ರೋಗವನ್ನು ಸರಿಯಾಗಿ ಬರೆದುಕೊಂಡಿತು, ವಿಳಾಸವನ್ನು ನಾನು ಹೇಳಿದ ಹಾಗೆ ಬರೆದುಕೊಂಡಿತು. ಹೀಗೆ ಬೇಳದಲ್ಲಿ ಹುಟ್ಟಿ, ಬೇಳದಲ್ಲಿ ಬೀಡಿ ಸೇದಿ, ಬೇಳದ ಇಗರ್ಜಿಯ ಸಿಮಿತ್ರಿಯ ಮಣ್ಣಲ್ಲಿ ಮಲಗಿದ ಪಪ್ಪ ಲೆಕ್ಕದಲ್ಲಿ ಮಂಗಳೂರಿನವರಾಗಿ ಸತ್ತರು. ನಮ್ಮ ಜಿಲ್ಲೆಯ ಸೊನ್ನೆಯನ್ನು ಬರೆದವಳು ನಾನು, ಮಾಡಿದವಳೂ ನಾನು.

ಪಪ್ಪನ ಮಂಚ ಕಿಟಕಿಯ ಬಳಿ ಇತ್ತು. ಸಂಜೆ ಐದಾಗುವಾಗ ಅವರಿಗೆ ಚಡಪಡಿಕೆ ಶುರು. "ಸಿಸಿಲಿ, ಬದಿಯಡ್ಕದ ಐದೂವರೆ ಬಸ್ಸು ಹೋಯಿತಾ? ಅದು ತಪ್ಪಿದರೆ ಮತ್ತೆ ಕುಂಬಳೆಯಲ್ಲಿ ಕಾಯಬೇಕು ಮಾರಾಯ್ತಿ," ಎನ್ನುತ್ತಿದ್ದರು. ಉಸಿರಿಗೆ ಕಷ್ಟವಿದ್ದ ದಿನವೂ ಇದನ್ನು ಪೂರ್ತಿ ಹೇಳುತ್ತಿದ್ದರು. ನಾಳೆ ಹೋಗುವ ಎಂದು ನಾನು ದಿನಾ ಹೇಳುತ್ತಿದ್ದೆ.

ಭೂಪಟದ ಮುಂದೆ

ಕೊನೆಯ ದಿನ ಒಬ್ಬೊಬ್ಬರೂ ತಮ್ಮ ಭೂಪಟವನ್ನು ಗೋಡೆಗೆ ಹಚ್ಚಿ, ರೋಗಿಗಳಿರುವಲ್ಲಿ ಕೆಂಪು ಗುಂಡುಸೂಜಿ ಚುಚ್ಚಿ ವಿವರಿಸಬೇಕಿತ್ತು. ನನ್ನ ಸರದಿ ಬಂತು. ಕಾಸರಗೋಡು ಜಿಲ್ಲೆಯ ಪಟ ಖಾಲಿ. ಹಿಂದಿನ ದಿನ ಬರೆದಿಟ್ಟ ಭಾಷಣವೊಂದು ನನ್ನ ಕೈಯಲ್ಲಿತ್ತು. ಅದರಲ್ಲಿ 'ಮಾಹಿತಿಯ ಕೊರತೆ' ಎಂಬ ಮಾತು ನಾಲ್ಕು ಸಲ ಬರುತ್ತಿತ್ತು. ಅದನ್ನು ಓದಲು ನಾಚಿಕೆಯಾಯಿತು. ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ಸೂಜಿ ತೆಗೆದು ಬೇಳದ ಮೇಲೆ ಚುಚ್ಚಿದೆ.

ಈ ಒಂದು ಹೇಗೆ ಸಿಕ್ಕಿತು ಎಂದು ಡಾಕ್ಟರು ಕೇಳಿದರು.

"ನನ್ನ ತಂದೆ," ಎಂದೆ. ಅರ್ಜಿಯ ಕಥೆಯನ್ನೂ ಹೇಳಿದೆ.

ನಮ್ಮಲ್ಲಾದರೆ ನಾಲ್ಕು ಜನ ಎದ್ದು ಬಂದು ಬೆನ್ನು ಸವರುತ್ತಿದ್ದರು, ನಾಲ್ಕು ಜನ ಬೈಯುತ್ತಿದ್ದರು. ಇಲ್ಲಿ ಯಾರೂ ಮಾತಾಡಲಿಲ್ಲ. ಮೊದಲು ಅದು ನನಗೆ ಕಲ್ಲುಮನಸ್ಸಿನ ಹಾಗೆ ಕಂಡಿತು. ಆಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಐನೊ ಎದ್ದು ಒಂದು ಕಪ್ಪು ಕಾಫಿ ತಂದು ನನ್ನ ಕೈಗಿತ್ತಳು. ಬಿಸಿ ಕಪ್ಪು ಹಿಡಿದುಕೊಂಡಾಗ ನನಗೆ ಅಳು ಬಂತು, ಅತ್ತೆ. ನಾಲ್ಕು ವರ್ಷದಲ್ಲಿ ಪಪ್ಪನ ರೋಗದ ಹೆಸರು ಹೇಳಿ ನಾನು ಅತ್ತದ್ದು ಅದೇ ಮೊದಲು, ಅದೂ ಪಪ್ಪನ ಮುಖ ನೋಡದವರ ನಡುವೆ.

ಸಂಜೆ ಮನೆಗೆ ನಡೆಯುವಾಗ ಐನೊ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಜಿಲ್ಲೆಯಲ್ಲಿ ನಿನ್ನಂಥ ಹೆಣ್ಣುಮಕ್ಕಳು ಎಷ್ಟಿರಬಹುದು?"

ಬೇಳ

ಸೂಜಿ ಚುಚ್ಚಿದ್ದು ಪರದೇಶದಲ್ಲಿ. ಅದನ್ನು ವಿದ್ಯಾನಗರದ ರಿಜಿಸ್ಟರಿಗೆ ಹತ್ತಿಸಬೇಕಾದರೆ ಮೊದಲು ಐರಿನ್‌ಗೆ ಹೇಳಬೇಕು. ಅವಳ ಗಂಡನ ಮನೆ ನಮ್ಮಿಂದ ಎರಡು ಸ್ಟಾಪು ಆಚೆ, ನೀರ್ಚಾಲಿನಲ್ಲಿ. ವಿನ್ಸೆಂಟ್ ಸೀತಾಂಗೋಳಿಯಲ್ಲಿ ಪಂಪುಸೆಟ್ಟು ರಿಪೇರಿ ಮಾಡುತ್ತಾನೆ. ಬಾಯಲ್ಲಿ ಬೀಡಿ ಇಲ್ಲದೆ ಅವನಿಗೆ ಮೋಟಾರಿನ ಸದ್ದು ಕೇಳಿಸುವುದಿಲ್ಲವಂತೆ.

ಐನೊ ಕೊಟ್ಟ ಉಲ್ಲನ್ ಕಾಲುಚೀಲಗಳನ್ನು ಐರಿನ್‌ಗೆ ಕೊಟ್ಟೆ. "ಇದನ್ನು ನಾನು ಯಾವ ಚಳಿಗೆ ಹಾಕುವುದು?" ಎಂದು ನಕ್ಕಳು. ಆಮೇಲೆ ನಾನು ಹೇಳಿದೆ. ನಮ್ಮ ಮನೆಮಾತು ಕೊಂಕಣಿ. ಕನ್ನಡದಲ್ಲಿ ಬರೆಯುವಾಗ ಅವಳ ದನಿಯ ಖಾರ ಸ್ವಲ್ಪ ಕಡಿಮೆಯಾಗಿರಬಹುದು.

"ದಮ್ಮು ಅಲ್ಲವಾ?" ಎಂದಳು.

"ಅಲ್ಲ."

"ನನ್ನ ಮದುವೆಗೋಸ್ಕರ ಮುಚ್ಚಿಟ್ಟದ್ದಾ?"

"ಹೌದು. ಇವರ ಮನೆಯವರಿಗೆ ಗೊತ್ತಾದರೆ ಬೇಡ ಅಂತಿದ್ದರು."

ಐರಿನ್ ಅಡುಗೆಮನೆಯ ಕಡೆ ನೋಡಿದಳು, ಅವಳ ಅತ್ತೆ ಅಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು. "ಇವರ ಅಪ್ಪ ಹೋದದ್ದು ಎಂತದರಲ್ಲಿ ಅಂತ ನಮಗೆ ಹೇಳಿದ್ದರು, ನೆನಪುಂಟಾ?"

ಹಾರ್ಟ್ ಎಂದು ಹೇಳಿದ್ದರು. ಹಾರ್ಟ್ ಎಂದರೆ ನಮ್ಮಲ್ಲಿ ಮರ್ಯಾದೆಯ ಕಾಯಿಲೆ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

"ಹಾರ್ಟೂ ಅಲ್ಲ ಎಂತ ಸಾವೂ ಅಲ್ಲ. ಅದೇ ಆಸ್ಪತ್ರೆ, ಅದೇ ರೋಗ, ಮಂಗಳೂರಿನ ಜೆಪ್ಪುವಿನ ಯಾರದೋ ಅಡ್ರೆಸ್ಸು. ಮದುವೆಯಾಗಿ ಎರಡು ವರ್ಷದ ಮೇಲೆ ಅತ್ತೆ ಬಾಯಿ ತಪ್ಪಿ ಹೇಳಿದರು. ನಿನಗೆ ಹೇಳಿದರೆ ಬೇಜಾರು ಮಾಡ್ತಿ ಅಂತ ನಾನು ಸುಮ್ಮನಿದ್ದೆ."

ಎರಡು ಮನೆಯವರೂ ಒಂದೇ ಹೆಣವನ್ನು ಒಂದೇ ಚಾಪೆಯಡಿ ಅಡಗಿಸಿ, ಅದೇ ಚಾಪೆಯ ಮೇಲೆ ಕೂತು ಸಂಬಂಧ ಮಾತಾಡಿದ್ದೆವು. ನನಗೆ ನಗು ಬಂತು. ಐರಿನ್ ನಗಲಿಲ್ಲ.

"ನೀನು ನರ್ಸು," ಎಂದಳು. "ಇವರು ಕೆಮ್ಮುವುದನ್ನು ಮೂರು ವರ್ಷದಿಂದ ಕೇಳ್ತಾ ಇದ್ದಿ. ನಮ್ಮ ಪಪ್ಪ ಬೀಡಿಯಿಂದ ಹೋದದ್ದು ಅಂತ ನನಗೆ ಗೊತ್ತಿದ್ದರೆ ನಾನು ಇವರನ್ನು ಬೀಡಿ ಹಿಡಿದು ಮನೆಯೊಳಗೆ ಬರಲಿಕ್ಕೆ ಬಿಡ್ತಿರಲಿಲ್ಲ. ಇವರ ಅಪ್ಪನ ಒಂದೇ ಸಾವು ತೋರಿಸಿದರೆ ಅದು ಅವರ ಹಣೆಬರಹ ಅಂತಾರೆ, ಬೀಡಿಯಿಂದ ಅಂತ ಒಪ್ಪುವುದಿಲ್ಲ. ಎರಡೂ ಮನೆಯ ಸಾವು ಹೇಳಿದ್ದರೆ ಇವರು ಮಾತು ಕೇಳ್ತಿದ್ದರು. ನೀನು ಹೇಳಲಿಲ್ಲ. ಹೇಳುವ ಬದಲು ರೋಸಿಗೆ ತಟ್ಟೆ ಹಿಡಿದೆ."

ತಪ್ಪಾಯಿತು ಎಂದೆ. ಅವಳು ಕಾಲುಚೀಲಗಳನ್ನು ಮಡಚಿ ಮೇಜಿನ ಮೇಲಿಟ್ಟು, "ನಾಳೆ ಬೆಳಿಗ್ಗೆ ಇವರನ್ನು ಕರಕೊಂಡು ಮಂಗಳೂರಿಗೆ ಹೋಗುವ. ನೀನೂ ಬಾ," ಎಂದಳು.

ಮಂಗಳೂರು

ಓದುವವರಿಗೆ ಕಾಯಿಸುವುದು ಬೇಡ: ವಿನ್ಸೆಂಟನ ಎದೆಯಲ್ಲಿ ಅಂದು ಗಂಟೇನೂ ಕಾಣಲಿಲ್ಲ, ಹಳೆಯ ಕೆಮ್ಮಿನ ಗುರುತು ಮಾತ್ರ. ಬೀಡಿ ಬಿಡಲು ಅವನು ಒಂದು ವರ್ಷ ಎಲ್ಲರ ತಲೆ ತಿಂದ, ಆದರೆ ಬಿಟ್ಟ. ನಾನು ಹೇಳಬೇಕಾದದ್ದು ಕೌಂಟರಿನಲ್ಲಿ ನಡೆದದ್ದು.

ಕೌಂಟರಿನಲ್ಲಿ ಕೂತಿದ್ದ ಹೆಂಗಸು ಹೆಸರು ಬರೆದುಕೊಂಡು ವಿಳಾಸ ಕೇಳಿದಳು. ವಿನ್ಸೆಂಟ್ ಒಂದು ಕ್ಷಣವೂ ತಡವರಿಸದೆ ಜೆಪ್ಪುವಿನ ಮನೆ ನಂಬರು ಹೇಳಿದ. ಅವಳು ಬರೆದಳು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅವಳು, "ಎಕ್ಸ್‌ರೇ ಸಿಗುವಾಗ ಐದು ಗಂಟೆ ಆಗ್ತದೆ," ಎಂದಳು.

"ಐದಾದರೆ ಕಷ್ಟ ಉಂಟು," ಎಂದ ವಿನ್ಸೆಂಟ್. "ಐದೂವರೆಗೆ ನಮ್ಮ ಬದಿಯಡ್ಕ ಬಸ್ಸು. ಅದು ತಪ್ಪಿದರೆ ಮತ್ತೆ ಕುಂಬಳೆಯಲ್ಲಿ ಕಾಯಬೇಕು."

ಹೆಂಗಸು ಪೆನ್ನು ನಿಲ್ಲಿಸಿದಳು. "ಜೆಪ್ಪುವಿಗೆ ಎಂತದ್ದು ಬದಿಯಡ್ಕ ಬಸ್ಸು ಮಾರಾಯ್ರೇ?"

ವಿನ್ಸೆಂಟ್ ಪೆಚ್ಚಾಗಿ ನಿಂತ. ಐರಿನ್ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, ಜೆಪ್ಪುವನ್ನು ಹೊಡೆದು ಹಾಕಿ, ನೀರ್ಚಾಲು, ಕಾಸರಗೋಡು ಜಿಲ್ಲೆ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ನನ್ನ ಕಣ್ಣು ಅರ್ಜಿಯ ಮೇಲಿರಲಿಲ್ಲ. ಪಪ್ಪನ ಮಾತು ವಿನ್ಸೆಂಟನ ಬಾಯಲ್ಲಿ ಅಕ್ಷರ ಬಿಡದೆ ಬಂದಿತ್ತು. ನಮ್ಮ ಜನ ವಿಳಾಸದಲ್ಲಿ ಸುಳ್ಳು ಹೇಳುತ್ತಾರೆ, ರೋಗದಲ್ಲಿ ಸುಳ್ಳು ಹೇಳುತ್ತಾರೆ. ಬಸ್ಸಿನ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ; ಅದು ಹೊಳೆಯುವುದೂ ಇಲ್ಲ.

ಆ ಹೆಂಗಸಿನ ಹತ್ತಿರ ಅಂದೇ ಮಾತಾಡಿದೆ. ಐನೊ ಮತ್ತು ಬ್ರಿಟ್ಟಳ ಕಾಫಿಯ ಕಥೆ ಹೇಳಿದೆ. ಅವಳು ತನ್ನ ಮೇಲಿನವರನ್ನು ಕೇಳಿದಳು, ನಮ್ಮ ಸಾರ್ ಒಂದು ಪತ್ರ ಬರೆದರು, ಎದೆ ರೋಗಿಗಳ ಅರ್ಜಿಗೆ ಒಂದು ಪುಟ್ಟ ಚೀಟಿ ಲಗತ್ತಾಯಿತು. ಅದರಲ್ಲಿ ಒಂದೇ ಪ್ರಶ್ನೆ: ಮನೆಗೆ ಹೋಗುವ ಬಸ್ಸು ಯಾವುದು? ಹಳೆಯ ಕಡತದವರ ಮನೆಯವರು ಬಂದರೆ ಅವರಿಂದಲೂ ಬರೆಸಿಕೊಳ್ಳುವುದು ಎಂದಾಯಿತು. ತಿಂಗಳಿಗೊಮ್ಮೆ ನಾನು ಹೋಗಿ ಚೀಟಿಗಳನ್ನು ತರುತ್ತಿದ್ದೆ. ಮಂಗಳೂರಿನ ಮಧ್ಯದಲ್ಲಿ ವಿಳಾಸವಿದ್ದವರು ಮಧೂರಿಗೆ, ಪೆರ್ಲಕ್ಕೆ, ಉಪ್ಪಳಕ್ಕೆ ಬಸ್ಸು ಹತ್ತುತ್ತಿದ್ದರು. ಡಿಸೆಂಬರಿನ ಸಭೆಗೆ ಸಾರ್ ಹೋದಾಗ ಅವರ ಹಾಳೆಯಲ್ಲಿ ಸೊನ್ನೆ ಇರಲಿಲ್ಲ, ನನ್ನ ಭೂಪಟ ಖಾಲಿ ಇರಲಿಲ್ಲ. ಯೋಜನೆಯ ಪಟ್ಟಿಯಲ್ಲಿ ಜಿಲ್ಲೆಯ ಹೆಸರು ಸೇರಿತು.

ಮೊದಲ ಕಂತಿನ ಚೀಟಿಗಳು ಅಚ್ಚಾಗಿ ಬಂದ ದಿನ ಆ ಹೆಂಗಸು ಪಪ್ಪನ ಹಳೆಯ ಕಡತ ಹುಡುಕಿ ತೆಗೆದು ನನ್ನ ಮುಂದಿಟ್ಟಳು. ಕಂಕನಾಡಿಯ ವಿಳಾಸ, ನನ್ನದೇ ಚಂದದ ಅಕ್ಷರ. ಅದರ ಮೇಲೆ ಗೀಟೆಳೆದು ಬೇಳ ಎಂದು ಬರೆದೆ. ಆಮೇಲೆ ಚೀಟಿ ತೆಗೆದುಕೊಂಡೆ. ಪಪ್ಪ ಕೊನೆಗೆ ಊರಿಗೆ ಬಂದದ್ದು ಬಸ್ಸಿನಲ್ಲಲ್ಲ, ಬಿಳಿ ವ್ಯಾನಿನಲ್ಲಿ, ನನ್ನ ಕಾಲ ಬಳಿ. ಮನೆಗೆ ಹೋಗುವ ಬಸ್ಸು ಎಂಬಲ್ಲಿಗೆ ಪೆನ್ನಿಟ್ಟೆ. ಮತ್ತೆ ಬರೆದೆ: ಬದಿಯಡ್ಕ, ಐದೂವರೆಯದು.